ರಾಜನಿಲ್ಲದ ಊರಿನ ತೂಕದ ಕಲ್ಲು

ಶುಕ್ರವಾರ ಸಂಜೆ ಬಹರೇನ್ ಕೋಟೆಗೆ ಹೋಗೋಣವೆಂದು ಎಬ್ಬಿಸಿದ್ದು ಪಕ್ಕದ ಫ್ಲಾಟಿನ ಇರಾಕಿ ಮೇಷ್ಟ್ರು. ನಾಸಿರಿಯಾದವರು, ನಿವೃತ್ತರಾಗಿ ಮಗನ ಮನೆಯಲ್ಲಿದ್ದಾರೆ. ದಕ್ಷಿಣ ಇರಾಕಿನ ಹಳೆಯ ಕಾಲದ ಜನರಾದ ಸುಮೇರಿಯನ್ನರ ಉರ್ ನಗರದ ಜಿಗ್ಗುರಾತ್, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ದೇಗುಲದ ಗೋಪುರ, ಇರುವುದು ಅವರ ಊರಿನ ಹತ್ತಿರವೇ. ಹಾಗಾಗಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಯೂಫ್ರೆಟಿಸ್ ದಂಡೆಗೇ ಹೋಗಿ ನಿಲ್ಲುತ್ತದೆ.

ಈಗ ಕಾಣುವ ಕೋಟೆ ಈಚಿನದು. ಅದರ ಕೆಳಗಿನ ದಿಬ್ಬದಲ್ಲಿ ನಾಲ್ಕು ಸಾವಿರ ವರ್ಷಗಳ ಊರುಗಳು ಒಂದರ ಮೇಲೊಂದು ಕೂತಿವೆ. ಸುಮೇರಿಯನ್ನರು ದಿಲ್ಮುನ್ ಎಂದು ಕರೆಯುತ್ತಿದ್ದದ್ದು ಈ ನಾಡನ್ನೇ. 1950ರ ದಶಕದಲ್ಲಿ ಡೆನ್ಮಾರ್ಕಿನವರು ಶುರು ಮಾಡಿದ ಉತ್ಖನನದಲ್ಲಿ ಸಿಂಧೂ ಕಣಿವೆಯ ಮಾದರಿಯ ತೂಕದ ಕಲ್ಲುಗಳೂ ಸಿಕ್ಕವು. ಆರೂ ಮುಖ ನುಣುಪಾಗಿ ಉಜ್ಜಿದ ಘನಾಕಾರದ ಚರ್ಟ್ ಎಂಬ ಗಟ್ಟಿ ಜಾತಿಯ ಕಲ್ಲುಗಳು. ಮೇಲೆ ಹೆಸರಿಲ್ಲ, ಮುದ್ರೆಯಿಲ್ಲ. ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ದುಪ್ಪಟ್ಟಾಗುವ ಲೆಕ್ಕ. ಹದಿನಾರರದ್ದು ಸುಮಾರು 13.7 ಗ್ರಾಂ. ನಮ್ಮ ಅಜ್ಜಿಯ ಕಾಲದ ಸೇರಿಗೂ ಹದಿನಾರು ಚಟಾಕು. ಎರಡಕ್ಕೂ ನಂಟಿದೆ ಎಂದು ನಾನೇನೂ ಹೇಳುತ್ತಿಲ್ಲ, ಅಂಥದ್ದನ್ನೆಲ್ಲ ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪು ನೋಡಿಕೊಳ್ಳುತ್ತದೆ. ದಿಬ್ಬದ ಫೋಟೋ ಹಾಕಿದ ಹತ್ತೇ ನಿಮಿಷಕ್ಕೆ ಭಾವ ಬರೆದಿದ್ದರು: "ಆಗಲೇ ಅರಬರನ್ನು ಆಳಿದ್ದೆವು ನೋಡು!"

ಆಳಿದ ಕುರುಹು ಎಲ್ಲಿದೆ? ಹರಪ್ಪ, ಮೊಹೆಂಜೊದಾರೊಗಳಲ್ಲಿ ಇದೇ ಅರಮನೆ ಎಂದು ಖಚಿತವಾಗಿ ಹೇಳಬಹುದಾದ ಕಟ್ಟಡವಿಲ್ಲ. ಯುದ್ಧ ಗೆದ್ದೆನೆಂದು ಕೊಚ್ಚಿಕೊಂಡ ಶಾಸನವೂ ಸಿಕ್ಕಿಲ್ಲ. ಕೊಚ್ಚಿಕೊಂಡವರು ಮೇಷ್ಟ್ರ ಕಡೆಯವರು. ಕ್ರಿ.ಪೂ. 24ನೇ ಶತಮಾನದ ಹೊತ್ತಿಗೆ ಸುಮೇರಿನ ಊರೂರನ್ನೂ ಗೆದ್ದು ಸಾಮ್ರಾಜ್ಯ ಕಟ್ಟಿದ ಅಕ್ಕಾಡಿನ ದೊರೆ ಸಾರ್ಗನ್, ಮೆಲುಹ್ಹ, ಮಗನ್ (ಈಗಿನ ಒಮಾನ್ ಕಡೆ), ದಿಲ್ಮುನ್‌ಗಳ ಹಡಗುಗಳು ತನ್ನ ಬಂದರುಕಟ್ಟೆಗೆ ಬಂದು ನಿಲ್ಲುತ್ತವೆಂದು ಬರೆಸಿದ. ಮೆಲುಹ್ಹ ಎಂದರೆ ಸಿಂಧೂ ಸೀಮೆ ಎಂದೇ ಹೆಚ್ಚಿನ ವಿದ್ವಾಂಸರ ಮಾತು.

"ನಮ್ಮ ರಾಜ ಉರ್-ನಮ್ಮು ಜಿಗ್ಗುರಾತ್ ಕಟ್ಟಿಸಿದ್ದಷ್ಟೇ ಅಲ್ಲ, ನಾಡಿಗೆಲ್ಲ ಒಂದೇ ತೂಕ ಗೊತ್ತುಮಾಡಿದೆ ಅಂತ ತನ್ನ ಕಾನೂನಿನ ಮೊದಲಲ್ಲೇ ಬರೆಸಿದ" ಎಂದರು ಮೇಷ್ಟ್ರು. "ನಿಮ್ಮಲ್ಲಿ ಆ ರಾಜ ಯಾರು?"

ಗೊತ್ತಿಲ್ಲ ಎಂದೆ. ನಡುವೆ ಮಗಳು ಬಾಯಿ ಹಾಕಿದಳು.

"ರಾಜನೇ ಇಲ್ದಿದ್ರೆ ಕಲ್ಲು ಸರಿ ಉಂಟಾ ಅಂತ ನೋಡ್ತಿದ್ದದ್ದು ಯಾರಪ್ಪ?"

ಒಳ್ಳೆಯ ಪ್ರಶ್ನೆ. ಹರಪ್ಪದಲ್ಲಿ ಊರಬಾಗಿಲ ಆಸುಪಾಸಿನಲ್ಲಿ ಇಂಥ ಕಲ್ಲುಗಳು ಸಿಕ್ಕಿವೆ. ಒಳಬರುವ ಸರಕಿಗೆ ಅಲ್ಲಿ ಸುಂಕ ತೆಗೆದುಕೊಳ್ಳುತ್ತಿದ್ದರೇನೋ ಎಂಬ ಊಹೆಯಿದೆ. ಯಾರು ತೆಗೆದುಕೊಳ್ಳುತ್ತಿದ್ದರು ಎಂಬುದಕ್ಕೆ ಉತ್ತರವಿಲ್ಲ. ಮೇಷ್ಟ್ರು ಮಾತ್ರ ಬಿದ್ದು ಬಿದ್ದು ನಕ್ಕರು. "ರಾಜರಿದ್ದೂ ನಮ್ಮಲ್ಲಿ ಏನಾಯ್ತು ಗೊತ್ತಾ?" ಎಂದು ಏಯಾ-ನಾಸಿರನ ಕಥೆ ತೆಗೆದರು. ಉರ್‌ನವನೇ, ದಿಲ್ಮುನ್‌ನಿಂದ ತಾಮ್ರ ತರಿಸುತ್ತಿದ್ದ ವ್ಯಾಪಾರಿ. ಕಳಪೆ ಮಾಲು ತೋರಿಸಿ, ಕೇಳಲು ಬಂದ ಆಳನ್ನು ಅವಮಾನ ಮಾಡಿ ಕಳಿಸಿದ. ಗಿರಾಕಿ ನನ್ನಿ ಎಂಬವನು ಕ್ರಿ.ಪೂ. 1750ರ ಸುಮಾರಿಗೆ ಜೇಡಿಮಣ್ಣಿನ ಹಲಗೆಯಲ್ಲಿ ಅವನನ್ನು ಬೈದು ಬರೆದದ್ದು ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. "ನಮ್ಮೂರ ಮರ್ಯಾದೆ!" ಎಂದು ಕಣ್ಣೊರೆಸಿಕೊಂಡರು.

ನನಗೆ ಕುಂದಾಪುರದ ಕಡೆಯ ನಮ್ಮ ಅಂಗಡಿ ನೆನಪಾಯಿತು. ತೂಕದ ಕಲ್ಲಿಗೆ ಸರ್ಕಾರಿ ಮುದ್ರೆ ಹಾಕಿಸುವ ಕಾಲ ಬಂದರೆ ಅಪ್ಪಯ್ಯ ಕಬ್ಬಿಣದ ಕಲ್ಲುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಸ್ಸಿಗೇರಿಸುತ್ತಿದ್ದರು. ಕಲ್ಲಿನ ಗುಳಿಯಲ್ಲಿ ಸೀಸ ತುಂಬಿರುತ್ತದೆ. ತೂಕ ಸವೆದಿದ್ದರೆ ಅದಕ್ಕೆ ಇನ್ನಷ್ಟು ಸೇರಿಸಿ, ಸರಿಮಾಡಿ, ಸೀಸದ ಮೇಲೆ ಅಚ್ಚು ಒತ್ತುತ್ತಿದ್ದರು. ಆ ಅಚ್ಚಿನ ಗುರುತನ್ನು ಅಪ್ಪಯ್ಯ ಗಿರಾಕಿಗಳಿಗೆ ಕೇಳದಿದ್ದರೂ ತೋರಿಸುತ್ತಿದ್ದರು. ಪೇಟೆಯಲ್ಲಿ ಕೊಬ್ಬರಿ ಕೊಳ್ಳುವ ಒಬ್ಬರ ಹತ್ತಿರ ಎರಡು ಸೆಟ್ ಕಲ್ಲಿದ್ದವು, ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು. ಊರಿಗೆಲ್ಲ ಗೊತ್ತಿತ್ತು.

ಇದನ್ನು ಹೇಳಿದ ಮೇಲೆ ಮಗಳು ಸುಮ್ಮನಿರುತ್ತಾಳೆಯೇ?

"ಅವ್ರಿಗೆ ಯಾರಾದ್ರೂ ಬೈದು ಕಾಗ್ದ ಬರೆದ್ರಾ?"

"ಇಲ್ಲ ಮಗಾ. ಓಟು ಹಾಕಿದ್ರು, ಪಂಚಾಯ್ತಿ ಮೆಂಬರ್ ಆದ್ರು."

ಮೇಷ್ಟ್ರಿಗೆ ವಿವರಿಸಲು ಹೊರಟೆ. ಕೈ ಎತ್ತಿ ತಡೆದರು. ನಾವು ನಕ್ಕ ಬಗೆಯಲ್ಲೇ ಅವರಿಗೆ ಗೊತ್ತಾಗಿತ್ತಂತೆ.