ಬ್ಯಾಂಕು ಒಪ್ಪುವ ಸಾಲಿಸಿಟರ್: ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಮೊದಲು

ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಗೃಹಸಾಲ ಪಡೆದು ಮನೆ ಕೊಂಡವರಿಗೆ ಬ್ಯಾಂಕಿನ ಪ್ಯಾನೆಲ್ ವಕೀಲರ, ಅಂದರೆ ಬ್ಯಾಂಕು ಒಪ್ಪಿ ತನ್ನ ಪಟ್ಟಿಗೆ ಸೇರಿಸಿಕೊಂಡ ವಕೀಲರ, ಪರಿಚಯ ಇದ್ದೇ ಇರುತ್ತದೆ. ಮೂಲ ಕ್ರಯಪತ್ರ, ಇಸಿ, ಖಾತಾ, ಕಂದಾಯದ ರಸೀದಿಗಳನ್ನೆಲ್ಲ ಪರಿಶೀಲಿಸಿ ಅವರು ಅಭಿಪ್ರಾಯ ಬರೆದುಕೊಡುವುದು ಬ್ಯಾಂಕಿಗೆ. ಎಚ್ಚರದವರು ತಮ್ಮ ಕಡೆಯಿಂದ ಇನ್ನೊಬ್ಬ ವಕೀಲರಿಗೂ ಕಾಗದಪತ್ರ ತೋರಿಸುತ್ತಾರೆ. ಉಳಿದವರು ಬ್ಯಾಂಕೇ ಸಾಲ ಕೊಟ್ಟಿದೆಯಲ್ಲ ಎಂಬ ಧೈರ್ಯದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೊರಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪದ್ಧತಿ ಬೇರೆ. ಇಲ್ಲಿ ಕೊಳ್ಳುವವರು ತಾವೇ ಆರಿಸಿ ಹಣ ಕೊಟ್ಟು ನೇಮಿಸಿಕೊಂಡ ಸಾಲಿಸಿಟರೇ ಸಾಮಾನ್ಯವಾಗಿ ಸಾಲ ಕೊಡುವ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತಾರೆ. ಒಬ್ಬರೇ ವಕೀಲರಿಗೆ ಇಬ್ಬರು ಕಕ್ಷಿದಾರರು. ಆದ್ದರಿಂದ ಆ ವಕೀಲರು ನಮಗೆ ಒಪ್ಪಿಗೆಯಾದರೆ ಸಾಲದು, ಬ್ಯಾಂಕಿನ ಪ್ಯಾನೆಲ್‌ನಲ್ಲಿಯೂ ಇರಬೇಕು. ಸ್ಕಾಟ್ಲೆಂಡಿನ ಕ್ರಮವೇ ಬೇರೆಯಾದ್ದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಮನೆಯ ಹಕ್ಕು ವರ್ಗಾಯಿಸುವ ಈ ಕೆಲಸಕ್ಕೆ ಕನ್ವೇಯನ್ಸಿಂಗ್ ಎಂದು ಹೆಸರು. ಅದನ್ನು ಸಾಲಿಸಿಟರುಗಳಷ್ಟೇ ಅಲ್ಲದೆ, 1985ರ ಕಾಯ್ದೆಯೊಂದರಿಂದ ರೂಪುಗೊಂಡ ಲೈಸೆನ್ಸ್ಡ್ ಕನ್ವೇಯನ್ಸರ್ ಎಂಬ ವೃತ್ತಿಯವರೂ ಮಾಡುತ್ತಾರೆ. ಇಬ್ಬರ ಮೇಲೂ ನಿಯಂತ್ರಣ ಸಂಸ್ಥೆಗಳಿವೆ, ಇಬ್ಬರೂ ವೃತ್ತಿವಿಮೆ ಹೊಂದಿರಲೇಬೇಕು. ಬ್ಯಾಂಕುಗಳು ಮತ್ತು ಬಿಲ್ಡಿಂಗ್ ಸೊಸೈಟಿಗಳು (ಗೃಹಸಾಲ ಕೊಡುವ, ಸದಸ್ಯರ ಒಡೆತನದ ಸಂಸ್ಥೆಗಳು) ಇವರಿಗೆ ಏನೇನು ಪರಿಶೀಲಿಸಬೇಕು, ಯಾವುದನ್ನು ತಮಗೆ ವರದಿ ಮಾಡಬೇಕು ಎಂದು ವಿಧಿಸುವ ನಿಯಮಗಳು ಬಹುಪಾಲು ಸಾಲದಾತರ ಒಕ್ಕೂಟವಾದ ಯುಕೆ ಫೈನಾನ್ಸ್ ಪ್ರಕಟಿಸುವ ಕೈಪಿಡಿಯಲ್ಲಿವೆ. ಅದರ ಮೊದಲ ಭಾಗ ಎಲ್ಲ ಸಾಲದಾತರಿಗೂ ಸಮಾನವಾದದ್ದು, ಎರಡನೆಯ ಭಾಗದಲ್ಲಿ ಒಂದೊಂದು ಸಾಲದಾತರ ಪ್ರತ್ಯೇಕ ಷರತ್ತುಗಳಿರುತ್ತವೆ. ಹಣ ಬಿಡುಗಡೆಯಾಗುವ ಮುನ್ನ ಸಾಲಿಸಿಟರು ಹಕ್ಕು ಸರಿಯಿದೆಯೆಂದು ಬ್ಯಾಂಕಿಗೆ ಪ್ರಮಾಣಪತ್ರ ಕಳುಹಿಸಬೇಕು. ಬ್ಯಾಂಕು ನೆಚ್ಚಿಕೊಳ್ಳುವುದು ಆ ಒಂದು ಪತ್ರವನ್ನು.

2008ರ ಆರ್ಥಿಕ ಕುಸಿತದ ನಂತರ, ಗೃಹಸಾಲದ ವಂಚನೆಗಳು ಬೆಳಕಿಗೆ ಬಂದಂತೆಲ್ಲ, ಬ್ಯಾಂಕುಗಳು ಪ್ಯಾನೆಲ್‌ಗಳನ್ನು ಬಿಗಿಗೊಳಿಸಿದವು. 2012ರ ಆರಂಭದಲ್ಲಿ ಎಚ್‌ಎಸ್‌ಬಿಸಿ ತನ್ನ ಪಟ್ಟಿಯನ್ನು 43 ಸಂಸ್ಥೆಗಳಿಗೆ ಇಳಿಸಿದಾಗ ವಕೀಲರ ವಲಯದಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. ನಂತರ ಅದು ಪಟ್ಟಿಯನ್ನು ಹಿಗ್ಗಿಸಿತು. ಈಗ ಅನೇಕ ಬ್ಯಾಂಕುಗಳು ಸಾಲಿಸಿಟರುಗಳ ವೃತ್ತಿಸಂಘವಾದ ಲಾ ಸೊಸೈಟಿಯ ಕನ್ವೇಯನ್ಸಿಂಗ್ ಕ್ವಾಲಿಟಿ ಸ್ಕೀಮಿನ ಮಾನ್ಯತೆಯನ್ನು ಸಾಲಿಸಿಟರುಗಳಿಂದ ಕೇಳುತ್ತವೆ, ಕೆಲವು ಒಬ್ಬರೇ ನಡೆಸುವ ಸಣ್ಣ ಕಚೇರಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ಪ್ಯಾನೆಲ್‌ನಲ್ಲಿಲ್ಲ ಎಂದಮಾತ್ರಕ್ಕೆ ಆ ವಕೀಲರು ಅಸಮರ್ಥರು ಎಂದು ತಿಳಿಯಬೇಕಾಗಿಲ್ಲ, ಪ್ಯಾನೆಲ್‌ನಲ್ಲಿದ್ದಾರೆ ಎಂದಮಾತ್ರಕ್ಕೆ ನಮ್ಮ ಫೋನ್ ಎತ್ತುತ್ತಾರೆ ಎಂದೂ ನಂಬಬೇಕಾಗಿಲ್ಲ. ನನ್ನ ದೃಷ್ಟಿಯಲ್ಲಿ ಪ್ಯಾನೆಲ್ ಎಂಬುದು ಬ್ಯಾಂಕು ತನ್ನ ಹಣದ ಸುತ್ತ ಹಾಕಿಕೊಂಡ ಬೇಲಿ. ನಾವು ಅದರೊಳಗಿನವರನ್ನೇ ಆರಿಸಬೇಕು, ಆದರೆ ಆರಿಸುವ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ.

ಪ್ಯಾನೆಲ್‌ನ ಹೊರಗಿನವರನ್ನು ಹಿಡಿದರೆ ಬ್ಯಾಂಕು ತನಗಾಗಿ ಬೇರೆ ವಕೀಲರನ್ನು ನೇಮಿಸಬಹುದು. ಆ ಶುಲ್ಕವೂ ಕೊಳ್ಳುವವರ ತಲೆಗೇ ಬರುತ್ತದೆ. ಇಬ್ಬರು ವಕೀಲರ ನಡುವೆ ಪ್ರಶ್ನೋತ್ತರ ಓಡಾಡುವುದರಲ್ಲಿ ವಾರಗಳು ಕಳೆಯುತ್ತವೆ. ಇನ್ನೂ ಸೂಕ್ಷ್ಮವಾದದ್ದೆಂದರೆ, ಮನೆ ಗೊತ್ತಾದಾಗ ಒಂದು ಬ್ಯಾಂಕು ತಾತ್ವಿಕ ಒಪ್ಪಿಗೆ ಕೊಟ್ಟಿರುತ್ತದೆ, ಮೌಲ್ಯಮಾಪನ ಕಡಿಮೆ ಬಂದೋ ಬಡ್ಡಿದರ ಏರಿಯೋ ಬ್ರೋಕರ್ ನಮ್ಮನ್ನು ಇನ್ನೊಂದು ಬ್ಯಾಂಕಿಗೆ ಕರೆದೊಯ್ಯುತ್ತಾರೆ, ಅಷ್ಟರಲ್ಲಿ ಸಾಲಿಸಿಟರು ಅರ್ಧ ಕೆಲಸ ಮುಗಿಸಿರುತ್ತಾರೆ. ಹೊಸ ಬ್ಯಾಂಕಿನ ಪ್ಯಾನೆಲ್‌ನಲ್ಲಿ ಅವರಿಲ್ಲದಿದ್ದರೆ ಕಡತವನ್ನು ಬೇರೊಬ್ಬರು ಮೊದಲಿಂದ ಓದಬೇಕಾಗುತ್ತದೆ. ಆದ್ದರಿಂದ ನಮ್ಮ ಬ್ಯಾಂಕೊಂದರ ಹೆಸರು ಹೇಳಿ ಸುಮ್ಮನಾಗದೆ, ದೊಡ್ಡ ಸಾಲದಾತರಲ್ಲಿ ಯಾರ್ಯಾರ ಪ್ಯಾನೆಲ್‌ನಲ್ಲಿ ಇದ್ದೀರಿ, ಯಾರದರಲ್ಲಿ ಇಲ್ಲ ಎಂದು ಇಮೇಲ್‌ನಲ್ಲಿಯೇ ಕೇಳಿ ಉತ್ತರ ಪಡೆಯುವುದು ಲೇಸು. ಪಟ್ಟಿಗಳು ಬದಲಾಗುತ್ತಿರುವುದರಿಂದ ಬ್ಯಾಂಕಿನ ಕಡೆಯಿಂದಲೂ ಖಚಿತಪಡಿಸಿಕೊಳ್ಳಬೇಕು.

ಇಬ್ಬರು ಕಕ್ಷಿದಾರರು ಎಂಬುದರ ನಿಜವಾದ ಅರ್ಥ ನಮ್ಮವರಿಗೆ ತಿಳಿಯುವುದು ಊರಿನಿಂದ ಹಣ ತರಿಸುವಾಗ. ಅಪ್ಪ ಹಾಸನದ ನಿವೇಶನ ಮಾರಿ ಮಗಳ ಮನೆಗೆ ಹಣ ಕಳುಹಿಸಿದರು ಎನ್ನೋಣ. ಆ ಹಣ ಎಲ್ಲಿಂದ ಬಂತು ಎಂಬುದನ್ನು, ಹಣ ಅಕ್ರಮ ವರ್ಗಾವಣೆ ತಡೆಯುವ 2017ರ ನಿಯಮಗಳ ಪ್ರಕಾರ, ಸಾಲಿಸಿಟರು ಪರಿಶೀಲಿಸಲೇಬೇಕು. ಅಪ್ಪನ ಪಾಸ್‌ಪೋರ್ಟ್, ತಿಂಗಳುಗಟ್ಟಲೆಯ ಬ್ಯಾಂಕ್ ಸ್ಟೇಟ್‌ಮೆಂಟ್, ನಿವೇಶನದ ಕ್ರಯಪತ್ರ, ಅದು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ, ಈ ಹಣ ಸಾಲವಲ್ಲ ಕೊಡುಗೆ, ಮನೆಯಲ್ಲಿ ತನಗೆ ಹಕ್ಕಿಲ್ಲ ಎಂದು ಅಪ್ಪ ಸಹಿ ಮಾಡಿದ ಪತ್ರ, ಇಷ್ಟನ್ನೂ ಕೇಳುತ್ತಾರೆ. ಹೆತ್ತ ಮಗಳಿಗೆ ಕೊಟ್ಟ ಹಣಕ್ಕೆ ಇಷ್ಟೊಂದು ತನಿಖೆಯೇ ಎಂದು ಊರಿನಲ್ಲಿ ಹಿರಿಯರು ನೊಂದುಕೊಳ್ಳುವುದುಂಟು. ಇದು ಅವರ ಮೇಲಿನ ಅನುಮಾನವಲ್ಲ, ಎಲ್ಲರಿಗೂ ಒಂದೇ ಕಟ್ಟಳೆ ಎಂದು ಮೊದಲೇ ತಿಳಿಸಿ ಹೇಳಿದರೆ ಮನಸ್ತಾಪ ತಪ್ಪುತ್ತದೆ. ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ (ಎಲ್‌ಆರ್‌ಎಸ್) ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಆ ಹಣ ಅಪ್ಪನ ಖಾತೆಯಿಂದ ನೇರವಾಗಿ ಮಗಳ ಖಾತೆಗೆ ಬರುವುದು ಒಳ್ಳೆಯದು. ಚಿಕ್ಕಪ್ಪನ ಖಾತೆ, ಭಾವನ ಖಾತೆ ಎಂದು ಸುತ್ತಿಸಿದರೆ ಅವರೆಲ್ಲರ ಸ್ಟೇಟ್‌ಮೆಂಟ್‌ಗಳೂ ಬೇಕಾಗುತ್ತವೆ.

ಈಗ ಅದೇ ಮಗಳು ಸಾಲದ ಅರ್ಜಿಯಲ್ಲಿ, ಸಾಲ ಬಿಟ್ಟು ಕೈಯಿಂದ ಹಾಕುವ ಹಣವೆಲ್ಲ ತನ್ನ ಉಳಿತಾಯವೆಂದು ಬರೆದಿದ್ದರೆ, ಸಾಲಿಸಿಟರು ಕೊಡುಗೆಯ ಸಂಗತಿಯನ್ನು ಬ್ಯಾಂಕಿಗೆ ತಿಳಿಸಬೇಕಾಗುತ್ತದೆ. ಮಾರುವವರು ಒಳಗಿಂದೊಳಗೆ ಬೆಲೆ ಇಳಿಸಿದರೂ ಹಾಗೆಯೇ. ತಿಳಿಸಬೇಡಿ ಎಂದು ನಾವು ಹೇಳಬಹುದು. ನಮ್ಮ ಗುಟ್ಟು ಕಾಯುವುದು ಅವರ ಧರ್ಮ. ಆದರೆ ಆಗ ಅವರು ಬ್ಯಾಂಕಿನ ಪರವಾದ ಕೆಲಸದಿಂದ ಹಿಂದೆ ಸರಿಯಬೇಕು, ಸಾಲ ಅಲ್ಲಿಗೆ ನಿಲ್ಲುತ್ತದೆ. ಹೊರದೇಶದಿಂದ ಬರುವ ಕೊಡುಗೆ ಹಣದ ಕಡತವನ್ನೇ ಒಪ್ಪದ ಕಚೇರಿಗಳೂ ಇರುವುದರಿಂದ, ಪ್ಯಾನೆಲ್‌ನ ನಂತರ ಕೇಳಬೇಕಾದ ಪ್ರಶ್ನೆ ಇದೇ.

ಊರಿನ ಆಸ್ತಿ ಇನ್ನೊಂದು ಕಡೆಯೂ ಅಡ್ಡ ಬರುತ್ತದೆ. ಇಲ್ಲಿನ ಮುದ್ರಾಂಕ ತೆರಿಗೆಯಲ್ಲಿ ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ. ಏಪ್ರಿಲ್ 2025ರಿಂದ ಇಂಗ್ಲೆಂಡಿನಲ್ಲಿ ಅಂಥವರಿಗೆ, ಬೆಲೆ 5,00,000 ಪೌಂಡ್ ಮೀರದಿದ್ದರೆ, ಮೊದಲ 3,00,000 ಪೌಂಡ್‌ಗೆ ತೆರಿಗೆ ಇಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಎಂದಾದರೂ ವಾಸದ ಮನೆಯ ಒಡೆತನ ಪಡೆದಿದ್ದರೆ ಈ ರಿಯಾಯಿತಿ ಸಿಗದು, ವೈಟ್‌ಫೀಲ್ಡಿನ ಫ್ಲ್ಯಾಟೂ ಲೆಕ್ಕಕ್ಕೆ ಬರುತ್ತದೆ. ಆ ಫ್ಲ್ಯಾಟು ಈಗಲೂ ಕೈಯಲ್ಲಿದ್ದರೆ ಎರಡನೆಯ ಮನೆಯ ಹೆಚ್ಚುವರಿ ತೆರಿಗೆಯೂ ಬೀಳಬಹುದು. ಅಕ್ಟೋಬರ್ 31, 2024ರಿಂದ ಅದು ಶೇ 5. ಅಜ್ಜನ ಮನೆಯಲ್ಲಿನ ಪಾಲು, ಹೆಂಡತಿಯ ಹೆಸರಿನ ಮನೆ, ಎಲ್ಲವನ್ನೂ ಮೊದಲ ಪತ್ರದಲ್ಲಿಯೇ ಬರೆದುಬಿಡಬೇಕು. ಮನೆ ಕೈಸೇರಿದ 14 ದಿನಗಳೊಳಗೆ ತೆರಿಗೆಯ ಲೆಕ್ಕ ಸಲ್ಲಿಸುವುದು ಸಾಮಾನ್ಯವಾಗಿ ಸಾಲಿಸಿಟರೇ, ಆದರೆ ಅದರ ಹೊಣೆ ನಮ್ಮದು.

ಶುಲ್ಕದ ವಿಚಾರದಲ್ಲಿ ಹೇಳುವುದು ಕಡಿಮೆ. ದರಗಳನ್ನು ಬಹಿರಂಗಪಡಿಸುವುದು ಕಡ್ಡಾಯವಾದ್ದರಿಂದ ಹೋಲಿಸಿ ನೋಡಬಹುದು. ಎಸ್ಟೇಟ್ ಏಜೆಂಟರು ಸೂಚಿಸುವ ಕನ್ವೇಯನ್ಸರ್ ಅವರಿಗೆ ಕಮಿಷನ್ ಕೊಡುತ್ತಿರಬಹುದು, ಎಷ್ಟೆಂದು ಕೇಳುವ ಹಕ್ಕು ನಮಗಿದೆ. ಲೀಸ್‌ಹೋಲ್ಡ್ ಫ್ಲ್ಯಾಟು, ಅಂದರೆ ನಿಗದಿತ ವರ್ಷಗಳ ಗುತ್ತಿಗೆಯ ಮೇಲಿನ ಫ್ಲ್ಯಾಟು, ಕೊಳ್ಳುವವರು ಮಾತ್ರ, ಅದೂ ಎತ್ತರದ ಕಟ್ಟಡದಲ್ಲಿ, ಅಗ್ಗದ ದರಕ್ಕೆ ಮರುಳಾಗಬಾರದು. ಲಂಡನ್ನಿನ ಗ್ರೆನ್‌ಫೆಲ್ ಎಂಬ ಬಹುಮಹಡಿ ವಸತಿ ಕಟ್ಟಡದ ಬೆಂಕಿ ದುರಂತದ ನಂತರ ಬಂದ 2022ರ ಕಟ್ಟಡ ಸುರಕ್ಷತಾ ಕಾಯ್ದೆಯ ತೊಡಕುಗಳಿಂದಾಗಿ ಪ್ಯಾನೆಲ್‌ನಲ್ಲಿರುವ ಕೆಲವು ಕಚೇರಿಗಳೂ ಅಂಥ ಫ್ಲ್ಯಾಟುಗಳ ಕೆಲಸ ವಹಿಸಿಕೊಳ್ಳುತ್ತಿಲ್ಲ.

ರೀಮಾರ್ಟ್‌ಗೇಜಿನಲ್ಲಿ, ಅಂದರೆ ಅದೇ ಮನೆಯ ಮೇಲಿನ ಸಾಲವನ್ನು ಹೊಸ ಸಾಲಕ್ಕೆ ಬದಲಿಸಿಕೊಳ್ಳುವುದರಲ್ಲಿ, ಈ ಜಂಜಾಟ ಬಹಳ ಹಗುರ. ನಿಗದಿತ ಬಡ್ಡಿಯ ಅವಧಿ ಮುಗಿದಾಗ ಅದೇ ಬ್ಯಾಂಕಿನಲ್ಲಿ ಹೊಸ ದರಕ್ಕೆ ಹೊರಳಿಕೊಂಡರೆ ಸಾಮಾನ್ಯವಾಗಿ ವಕೀಲರೇ ಬೇಕಾಗುವುದಿಲ್ಲ. ಬೇರೆ ಬ್ಯಾಂಕಿಗೆ ಹೋಗುವವರಿಗೆ ಆ ಬ್ಯಾಂಕೇ ತನ್ನ ಪ್ಯಾನೆಲ್‌ನ ಕಚೇರಿಯೊಂದನ್ನು ಉಚಿತವಾಗಿ ಒದಗಿಸುವುದುಂಟು, ಇಲ್ಲವೇ ಬೇರೆಯವರನ್ನು ನೇಮಿಸಿಕೊಳ್ಳಿ ಎಂದು ಸ್ವಲ್ಪ ಹಣ ಕೊಡುವುದುಂಟು. ಸರಳ ಕಡತಕ್ಕೆ ಉಚಿತ ಸೇವೆ ಸಾಕೆಂದೇ ನನ್ನ ಅಭಿಪ್ರಾಯ. ಆದರೆ ಗಂಡನ ಒಬ್ಬನ ಹೆಸರಿನಲ್ಲಿದ್ದ ಮನೆಗೆ, ನಂತರ ಬಂದು ಕೆಲಸಕ್ಕೆ ಸೇರಿದ ಹೆಂಡತಿಯ ಹೆಸರನ್ನೂ ಇದೇ ಸಂದರ್ಭದಲ್ಲಿ ಸೇರಿಸುವುದಾದರೆ, ಅದು ಆ ಉಚಿತ ಸೇವೆಯಲ್ಲಿ ಸಾಮಾನ್ಯವಾಗಿ ಅಡಕವಾಗಿರುವುದಿಲ್ಲ. ಅದಕ್ಕೆ ಬೇರೆ ಶುಲ್ಕವಿದೆ, ಅವರು ವಹಿಸಿಕೊಳ್ಳುವ ಸಾಲದ ಪಾಲಿನ ಮೇಲೆ ಮುದ್ರಾಂಕ ತೆರಿಗೆಯೂ ಬರಬಹುದು, ಅವರು ಸ್ವತಂತ್ರವಾಗಿ ಬೇರೆ ವಕೀಲರ ಸಲಹೆ ಪಡೆಯಲಿ ಎಂದು ಬ್ಯಾಂಕು ಕೇಳಲೂಬಹುದು. ಇವೆಲ್ಲವನ್ನೂ ಹಳೆಯ ದರ ಮುಗಿಯುವುದಕ್ಕೆ ಕೆಲವು ತಿಂಗಳು ಮೊದಲೇ ವಿಚಾರಿಸಿಟ್ಟುಕೊಂಡರೆ, ಬ್ಯಾಂಕಿನ ದುಬಾರಿ ಬದಲಾಗುವ ದರಕ್ಕೆ ಬೀಳದೆ ಕೆಲಸ ಮುಗಿಸಬಹುದು.