ಯೆಜ್ಡಿ ಟ್ಯಾಂಕಿನ ತುಕ್ಕು: ಇಲ್ಲಿಯವರೆಗೆ ಆದ ಕೆಲಸ

ಶುಕ್ರವಾರ

ನಮ್ಮ ಮನೆಯ ಬೈಕ್ ಯೆಜ್ಡಿ ರೋಡ್‌ಕಿಂಗ್‌ನ ಪೆಟ್ರೋಲ್ ಟ್ಯಾಂಕನ್ನು ಕಳಚಿ, ಕುವೆಂಪುನಗರದ ಮನೆಯ ಹಿತ್ತಲಿನಲ್ಲಿ ಗೋಣಿಚೀಲದ ಮೇಲೆ ಇಟ್ಟಿದ್ದೇನೆ. ಯೆಜ್ಡಿ ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಅಲ್ಲಿ ತಯಾರಾದ ಟ್ಯಾಂಕು ಕೈಯಲ್ಲಿರುವಾಗ ಅದನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ನಿಲುವು.

ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಒಳಗೋಡೆಯಲ್ಲಿ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬಹುಕಾಲ ಪೆಟ್ರೋಲ್ ನಿಂತಿದ್ದ ಭಾಗದಲ್ಲಿ ತಗಡು ಇನ್ನೂ ಬೆಳ್ಳಗಿದೆ. ಗೆರೆಯ ಮೇಲೆ, ಗಾಳಿಯಾಡುತ್ತಿದ್ದ ಜಾಗದಲ್ಲೆಲ್ಲ ಕೆಂಪು ತುಕ್ಕು ಹುರುಪೆಗಟ್ಟಿದೆ. ಪೆಟ್ರೋಲ್ ಕಾಕ್ (ಟ್ಯಾಂಕಿನ ತಳದ ನಲ್ಲಿ) ಕೂರುವ ತಗ್ಗಿನಲ್ಲಿಯೂ ತುಕ್ಕು ಹಿಡಿದಿದೆ, ಏಕೆಂದರೆ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ಅಲ್ಲಿಗೇ ಇಳಿದು ನಿಲ್ಲುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ನಮ್ಮ ಮಂಡ್ಯ ಸೀಮೆಯವರಿಗೆ ಚಿರಪರಿಚಿತವಾದ ಕಬ್ಬಿನಿಂದಲೂ ತಯಾರಾಗುವ ಈ ಎಥನಾಲ್ ತೇವವನ್ನು ಹೀರಿಕೊಳ್ಳುವ ಗುಣದ್ದಾಗಿರುವುದರಿಂದ, ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ಗಾಡಿಗೆ ಅರ್ಧ ಖಾಲಿ ಟ್ಯಾಂಕು ಒಳ್ಳೆಯದಲ್ಲ.

ಶನಿವಾರ

ಹಳೆಯ ಪೆಟ್ರೋಲನ್ನು ಡಬ್ಬಕ್ಕೆ ಬಸಿದು, ಬಿಗಿಯಾಗಿ ಮುಚ್ಚಿ ಬೇರೆ ಇಟ್ಟೆ. ಅದನ್ನು ಚರಂಡಿಗೆ ಸುರಿಯುವುದು ಸಲ್ಲದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲಿಯೇ ಹರಡುತ್ತದೆ. ಆದ್ದರಿಂದ ಈ ಕೆಲಸವನ್ನು ಬಯಲಿನಲ್ಲಿ, ಒಲೆ, ದೀಪ, ಸ್ವಿಚ್‌ಗಳಿಂದ ದೂರದಲ್ಲಿಯೇ ಮಾಡಬೇಕು.

ಟೂ-ಸ್ಟ್ರೋಕ್ ಗಾಡಿಯ ಟ್ಯಾಂಕಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಪೆಟ್ರೋಲಿನೊಂದಿಗೆ ಬೆರೆಸಿದ ಆಯಿಲ್ ಕಾಲಾಂತರದಲ್ಲಿ ಅಂಟಾಗಿ ಗೋಡೆಗೆ ಮೆತ್ತಿಕೊಂಡಿರುತ್ತದೆ, ಆ ಜಿಡ್ಡು ಹೋಗದೆ ಯಾವ ಆಮ್ಲವೂ ತುಕ್ಕನ್ನು ಮುಟ್ಟುವುದಿಲ್ಲ. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಬೆರೆಸಿ, ಎಣಿಸಿಕೊಂಡ ಒಂದಷ್ಟು ನಟ್‌ಗಳನ್ನು ಒಳಗೆ ಹಾಕಿ, ನಿಧಾನವಾಗಿ ಕುಲುಕಿದೆ. ಹೊರಬಂದ ನೀರು ಮೊದಲು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು, ಬರಬರುತ್ತಾ ತಿಳಿಯಾಯಿತು. ಹಾಕಿದ ನಟ್‌ಗಳೆಲ್ಲ ವಾಪಸು ಬಂದವೆಂದು ಎಣಿಸಿ ಖಾತ್ರಿಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆ.

ಕಾಕ್‌ನ ರಂಧ್ರಕ್ಕೆ ರಬ್ಬರ್ ಬಿರಡೆ ಬಿಗಿದು, ಬಣ್ಣಕ್ಕೆ ಹುಳಿನೀರು ತಾಗದಂತೆ ಹೊರಮೈಗೆ ಪ್ಲಾಸ್ಟಿಕ್ ಸುತ್ತಿ, ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಕಂಠದವರೆಗೂ ತುಂಬಿಸಿದೆ. ಶೌಚಾಲಯ ತೊಳೆಯುವ ಆಸಿಡ್ ಹಾಕಿದರೆ ಬೇಗ ಮುಗಿಯುತ್ತದೆಂದು ಹಲವರು ಹೇಳುವುದುಂಟು, ಆದರೆ ಅದು ತುಕ್ಕಿನ ಜೊತೆಗೆ ತೆಳು ತಗಡನ್ನೂ ತಿನ್ನುತ್ತದೆ. ನಿಂಬೆ ಉಪ್ಪು ನಿಧಾನವಾದರೂ ಸೌಮ್ಯ. ಒಳಗೆ ಗುಳ್ಳೆಗಳೇಳುವುದರಿಂದ ಮುಚ್ಚಳವನ್ನು ಬಿಗಿಯದೆ, ರಾತ್ರಿಯಿಡೀ ಹಾಗೆಯೇ ಬಿಟ್ಟೆ.

ಭಾನುವಾರ

ಬೆಳಿಗ್ಗೆ ನೀರು ಹಸಿರು ಛಾಯೆಯ ಹಳದಿಗೆ ತಿರುಗಿತ್ತು. ಬಸಿದು ನೋಡಿದಾಗ ಗೆರೆಯ ಮೇಲಿನ ಭಾಗವೂ ಬೂದುಬಣ್ಣದ ಶುದ್ಧ ತಗಡಾಗಿತ್ತು; ಕಾಕ್‌ನ ತಗ್ಗಿನಲ್ಲಿ ಮಾತ್ರ ಕೆಲವು ಚುಕ್ಕೆಗಳು ಉಳಿದಿವೆ.

ಮುಂದಿನದನ್ನು ತಡವಿಲ್ಲದೆ ಮಾಡಬೇಕು. ಆಮ್ಲದಿಂದ ಹೊರಬಂದ ಬರಿಯ ಕಬ್ಬಿಣ ಒದ್ದೆಯಾಗಿದ್ದರೆ ಕಣ್ಣೆದುರಿಗೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಡುಗೆ ಸೋಡಾ ಕರಗಿಸಿದ ನೀರಿನಿಂದ ಹುಳಿಯನ್ನು ಅಡಗಿಸಿ, ಶುದ್ಧ ನೀರಿನಲ್ಲಿ ಜಾಲಿಸಿ, ಪೆಟ್ರೋಲ್ ವಾಸನೆ ಲವಲೇಶವೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ನಂತರ, ಹೇರ್ ಡ್ರೈಯರ್‌ನ ಬಿಸಿಗಾಳಿಯನ್ನು ಮುಚ್ಚಳದ ಬಾಯಿಂದ ಹಾಯಿಸಿದೆ. ತಗಡು ಬೆಚ್ಚಗಾಗಿ ಪೂರ್ತಿ ಒಣಗಿದ ಮೇಲೆ ಅದು ತಣ್ಣಗಾಗುವವರೆಗೆ ಕಾದು, ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಹೆಚ್ಚಾಗಿ ಬೆರೆಸಿದ ಪೆಟ್ರೋಲನ್ನು ಸ್ವಲ್ಪ ಹಾಕಿ, ಮೂಲೆಮೂಲೆಗೂ ತಾಗುವಂತೆ ಟ್ಯಾಂಕನ್ನು ಹೊರಳಿಸಿದೆ.

ಒಳಗೆ ಲೇಪನ ಮಾಡಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ತಗಡು ಎಲ್ಲೂ ತೂತಾಗಿಲ್ಲ, ಸರಿಯಾಗಿ ಹಿಡಿಯದ ಲೇಪನ ಸುಲಿದು ಬಂದರೆ ಕಾಕ್ ಕಟ್ಟಿಕೊಳ್ಳುವುದು ಖಂಡಿತ. ಕಾಕ್‌ನ ವಾಷರ್ ಮತ್ತು ಜಾಲರಿ ಬದಲಾಯಿಸಿ, ಪೈಪಿನ ನಡುವೆ ಒಂದು ಫಿಲ್ಟರ್ ಸೇರಿಸಿ, ಈಗಾಗಲೇ ತುಕ್ಕಿನ ಪುಡಿ ನುಂಗಿರುವ ಕಾರ್ಬುರೇಟರ್ ಬಿಚ್ಚುವುದು ಮುಂದಿನ ಕೆಲಸ.