ಹನ್ನೆರಡು ಪುಟದ ಮೆನು, ಮೂರು ಪಾತ್ರೆ ಗ್ರೇವಿ

ದಾವಣಗೆರೆ
ಭಾನುವಾರ, 16 ನವೆಂಬರ್ 2025

ಬೆಂಗಳೂರಿನಿಂದ ನಾದಿನಿ, ಅವಳ ಗಂಡ, ಮಕ್ಕಳು ಬಂದಿದ್ದಾರೆ. ಮನೆ ತುಂಬಿದೆ, ಒಲೆಗೆ ಮಾತ್ರ ಇವತ್ತು ರಜೆ. ಬೆಳಿಗ್ಗೆ ದೋಸೆ ಹೋಟೆಲ್ಲು, ರಾತ್ರಿ ಫ್ಯಾಮಿಲಿ ರೆಸ್ಟೋರೆಂಟು. ಮಧ್ಯಾಹ್ನ ಯಾರಿಗೂ ಹಸಿವೇ ಆಗಲಿಲ್ಲ, ಮಜ್ಜಿಗೆ ಕುಡಿದು ಮಲಗಿದೆವು.

ಬೆಂಗಳೂರಿನಲ್ಲಿ ಗಲ್ಲಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು. ಆದರೂ ಊರಿಗೆ ಬಂದರೆ ಇವರಿಗೆ ಮೊದಲು ಅದೇ ಆಗಬೇಕು. "ಅಲ್ಲಿ ಬೆಣ್ಣೆ ಬೇಕಾದಷ್ಟು ಹಾಕ್ತಾರೆ ಅತ್ತಿಗೆ, ಚಟ್ನಿ ಪಲ್ಯ ನೋಡಿದ್ರೆ ಬೇಜಾರಾಗುತ್ತೆ" ಅಂದಳು ನಾದಿನಿ. ನನ್ನ ಮಾತೂ ಅದೇ. ಬೆಣ್ಣೆ ಯಾರು ಬೇಕಾದರೂ ಹಾಕಬಹುದು. ಅರಿಶಿನ ಇಲ್ಲದ ಆ ಬಿಳಿ ಆಲೂಗಡ್ಡೆ ಪಲ್ಯ, ನೀರಾಗಿದ್ದರೂ ಖಾರ ಇರುವ ತೆಂಗಿನಕಾಯಿ ಚಟ್ನಿ, ಇವೆರಡು ಸರಿ ಇದ್ದರೆ ದೋಸೆ ಅರ್ಧ ಗೆದ್ದ ಹಾಗೆ. ಇನ್ನರ್ಧ ಕಾವಲಿಯದ್ದು.

ನಮಗೆ ಒಲೆ ಕಾಣುವ ಜಾಗ ಸಿಕ್ಕಿತ್ತು. ದೋಸೆ ಹಾಕುವವರು ಕಾವಲಿಗೆ ನೀರು ಚಿಮುಕಿಸಿದರು. ಚುರ್ ಅಂದಿತು. ತೆಂಗಿನಗರಿಯ ಪೊರಕೆಯಿಂದ ಒಂದೇ ಸಲ ಬಳಿದು, ಸಾಲಾಗಿ ಹಿಟ್ಟು ಬಿಟ್ಟರು. ನಮ್ಮ ದೋಸೆ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು, ದಪ್ಪ. ಕಾವು ಜಾಸ್ತಿ ಅನಿಸಿದಾಗ ಕಾಲಿನಿಂದಲೇ ಒಂದು ಕಟ್ಟಿಗೆ ಹೊರಗೆಳೆದರು, ಕಡಿಮೆ ಆಯಿತು ಅಂದಾಗ ಮತ್ತೆ ಒಳಗೆ ತಳ್ಳಿದರು. ಗ್ಯಾಸ್ ಒಲೆಯ ತಿರುಪಿನ ಕೆಲಸ ಅವರ ಕಾಲು ಮಾಡುತ್ತಿತ್ತು. ಆಮೇಲೆ ಬೆಣ್ಣೆ, ಬೆರಳಿನಲ್ಲೇ.

ಮಾವ ಪ್ರತಿ ಸಲ ಹೇಳುವ ಕಥೆ ಇವತ್ತೂ ಹೇಳಿದರು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮ ಅನ್ನುವವರು ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಹಾಕುತ್ತಿದ್ದರಂತೆ. ಹತ್ತು ವರ್ಷದ ಮೇಲೆ ಅವರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ, ಮೇಲೆ ಬೆಣ್ಣೆ ಹಾಕೋಕೆ ಶುರು ಮಾಡಿದರಂತೆ. ಮಂಡಕ್ಕಿ ಊರಿನವರು ಹಿಟ್ಟಿಗೆ ಮಂಡಕ್ಕಿ ಹಾಕದೆ ಇರುತ್ತಾರಾ! ಮಾವ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ರಾತ್ರಿ ಪಾಳಿ ಮುಗಿಸಿ ಸೀದಾ ದೋಸೆ ಹೋಟೆಲಿಗೆ ಹೋಗುತ್ತಿದ್ದ ಕಾಲದ್ದು ಇನ್ನೊಂದು ಕಥೆ ಇದೆ. ಅದು ಉದ್ದ, ಬಿಡಿ.

ಸಂಜೆ ಮಕ್ಕಳು ನಾನ್ ಬೇಕು ಅಂದರು. ಮಾವ ಖಾನಾವಳಿ ಅಂದರು. ಮಕ್ಕಳು ಗೆದ್ದರು.

ಇಂಥ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ನಮ್ಮ ಕಡೆಯವರು ಆರ್ಡರ್ ಮಾಡುವುದು ಮಂತ್ರದ ಥರ ಒಂದೇ ಕ್ರಮದಲ್ಲಿ. ಮಿನರಲ್ ನೀರಾ, ನಾರ್ಮಲ್ಲಾ ಅಂತ ಅವರು ಕೇಳಬೇಕು, ನಾವು ನಾರ್ಮಲ್ ಅನ್ನಬೇಕು. ಒನ್ ಬೈ ಟು ಸೂಪು. ಮಸಾಲ ಪಾಪಡ್. ಗೋಬಿ ಮಂಚೂರಿ. ಆಮೇಲೆ ಎಲ್ಲರೂ ಮೆನು ಮೇಲೆ ಬಗ್ಗಿ ಗಂಭೀರವಾಗಿ ಓದಿ, ಕೊನೆಗೆ ಪನೀರ್ ಬಟರ್ ಮಸಾಲ ಅನ್ನುವುದು. ಪಕ್ಕದ ಟೇಬಲ್ಲಿನವರೂ ಅದನ್ನೇ ಹೇಳಿದ್ದರು.

ಮೆನು ಹನ್ನೆರಡು ಪುಟ. ಪನೀರಿಗೇ ಒಂದೂವರೆ ಪುಟ. ನನ್ನ ತಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಇಂಥದ್ದೇ ಅಡುಗೆಮನೆಗಳಲ್ಲಿ ಕೆಲಸ ಮಾಡಿದವನು. ಅವನು ಗುಟ್ಟು ಹೇಳಿಕೊಟ್ಟ ಮೇಲೆ ನನಗೆ ಮೆನು ಓದುವ ಉತ್ಸಾಹವೇ ಹೋಗಿದೆ. ಒಳಗೆ ಇರೋದು ಮೂರು ದೊಡ್ಡ ಪಾತ್ರೆ. ಕೆಂಪು ಗ್ರೇವಿಗೆ ಟೊಮೆಟೊ, ಗೋಡಂಬಿ, ಬಣ್ಣಕ್ಕೆ ಖಾರ ಕಡಿಮೆ ಇರೋ ಮೆಣಸಿನಪುಡಿ. ಬಿಳಿಗೆ ಬೇಯಿಸಿದ ಈರುಳ್ಳಿ, ಗೋಡಂಬಿ, ಕರಬೂಜದ ಬೀಜ. ಕಂದು ಗ್ರೇವಿ ಅಂದರೆ ಚೆನ್ನಾಗಿ ಹುರಿದ ಈರುಳ್ಳಿ, ಟೊಮೆಟೊ. ಬೆಳಿಗ್ಗೆಯೇ ಮಾಡಿ ಇಟ್ಟಿರುತ್ತಾರೆ. ಕೆಂಪಿಗೆ ಬೆಣ್ಣೆ, ಕೆನೆ, ಕಸೂರಿ ಮೇಥಿ ಬಿದ್ದರೆ ಬಟರ್ ಮಸಾಲ. ಬಿಳಿಗೆ ಏಲಕ್ಕಿ, ಕೆನೆ ಸೇರಿದರೆ ಶಾಹಿ. ಕಂದಿಗೆ ದೊಣ್ಣೆಮೆಣಸಿನಕಾಯಿ, ಜಜ್ಜಿದ ಧನಿಯಾ ಹಾಕಿದರೆ ಕಡಾಯಿ. ಕೆಂಪು, ಕಂದು ಎರಡೂ ಬೆರೆಸಿದರೆ ಇನ್ನೊಂದು ಹೆಸರು. ಇದರಲ್ಲಿ ಮೋಸ ಏನೂ ಇಲ್ಲ. ನಲವತ್ತು ಟೇಬಲ್ಲಿಗೆ ಕಾಲು ಗಂಟೆಯಲ್ಲಿ ಊಟ ಕೊಡಬೇಕು ಅಂದರೆ ಬೇರೆ ದಾರಿಯೂ ಇಲ್ಲ. ಆದರೆ ನಾಲ್ಕು ಥರ ಪನೀರ್ ತರಿಸಿ 'ವೆರೈಟಿ' ಅನ್ನುವವರನ್ನು ಕಂಡಾಗ ನನಗೆ ನಗು ಬರುತ್ತೆ.

ಇಂಥ ಕಡೆ ಆ ಹೊತ್ತಿಗೆ ಬೆಂಕಿ ಮೇಲೆ ಏನು ಆಗುತ್ತೋ ಅದನ್ನು ತರಿಸಬೇಕು. ತಂದೂರಿ ರೊಟ್ಟಿ ಹಾಗೆ ಆಗುವಂಥದ್ದು. ದಾಲ್ ಫ್ರೈಗೆ ಒಗ್ಗರಣೆ ಆಗಲೇ ಬೀಳುತ್ತೆ. ಹಾಗಂತ ನಾನು ದಾಲ್ ಫ್ರೈ, ರೊಟ್ಟಿ ಹೇಳಿದೆ. "ಅಮ್ಮ ಹೊರಗೆ ಬಂದ್ರೂ ಬೇಳೆ ಸಾರೇ ತಿಂತಾಳೆ" ಅಂದ ನನ್ನ ಮಗ. ಹೇಳಿಕೊಳ್ಳಲಿ. ಕೊನೆಗೆ ಎಲ್ಲರ ಕೈಯೂ ಬಂದದ್ದು ನನ್ನ ದಾಲಿಗೇ.

ರೊಟ್ಟಿ ವಿಷಯದಲ್ಲಿ ಮಾತ್ರ ನನ್ನದು ಹಟ. ಎಲ್ಲವನ್ನೂ ಒಟ್ಟಿಗೆ ತರಿಸಬಾರದು. ತಂದೂರಿನ ಗೋಡೆಯಿಂದ ಕಿತ್ತು ತಂದಾಗ ಅಲ್ಲಲ್ಲಿ ಸುಟ್ಟ ಕಲೆ, ಮೇಲೆ ಉಬ್ಬಿದ ಗುಳ್ಳೆ, ಮುರಿದರೆ ಹಬೆ. ಐದು ನಿಮಿಷ ಬಿಟ್ಟರೆ ಹಲ್ಲಿಗೆ ಕೆಲಸ. ನಮ್ಮ ಜೋಳದ ರೊಟ್ಟಿ ಒಣಗಿಸಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಕಟುಂ ಕಟುಂ ಅನ್ನುತ್ತೆ, ಆ ಗುಣ ಇದಕ್ಕಿಲ್ಲ. ಬಡಿಸುವ ಹುಡುಗನಿಗೆ "ಎರಡೆರಡೇ ತಗೊಂಡು ಬಾಪ್ಪ" ಅಂದೆ. ಅಸ್ಸಾಮಿನವನಂತೆ. "ಆಯ್ತು ಮೇಡಂ, ಬಿಸಿ ಬಿಸಿ" ಅಂದ. ಹೇಳಿದ ಹಾಗೇ ತಂದ ಕೂಡ. ಮಾವ ಅವನ ಹತ್ತಿರ ಹಸಿಮೆಣಸಿನಕಾಯಿ, ಈರುಳ್ಳಿ ಕೇಳಿ, ಊರು ಯಾವುದು, ಸಂಬಳ ಎಷ್ಟು, ಅಪ್ಪ ಅಮ್ಮ ಇದಾರಾ ಅಂತೆಲ್ಲ ವಿಚಾರಿಸಿ ಮುಗಿಸಿದರು. ಪಾಪ, ಅವನೂ ನಿಂತು ಉತ್ತರ ಕೊಟ್ಟ.

ಗೋಬಿ ಮಂಚೂರಿ ನೋಡಿ ಮಕ್ಕಳ ಮುಖ ಸಪ್ಪಗಾಯಿತು. ಕೆಂಪಗಿರಲಿಲ್ಲ, ಕಂದು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದಿತಲ್ಲ, ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಅನ್ನುವ ತಿನ್ನಬಾರದ ಬಣ್ಣ ಸಿಕ್ಕಿದಾಗ. ತಳ್ಳುಗಾಡಿಗಳಲ್ಲಿ ಈಗಲೂ ಒಂದೊಂದು ಸಲ ಹಳೇ ಕೆಂಪು ಕಾಣುತ್ತೆ. ಇಲ್ಲಿಯದು ಸೋಯಾ ಸಾಸಿನ ಬಣ್ಣ, ಬೆಳ್ಳುಳ್ಳಿ ಘಮ ಚೆನ್ನಾಗಿತ್ತು. ಸಪ್ಪೆ ಮುಖದವರೇ ಪ್ಲೇಟ್ ಖಾಲಿ ಮಾಡಿದರು. ಚೀನಾದ ಮಂಚೂರಿಯಾ ಅನ್ನುವ ಪ್ರದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. 1970ರ ದಶಕದಲ್ಲಿ ಮುಂಬೈನ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಚಿಕನ್ನಿನಲ್ಲಿ ಶುರು ಮಾಡಿದ್ದು ಅಂತಾರೆ. ಹೂಕೋಸಿಗೆ ದಾಟಿದ ಮೇಲೆ ಅದು ನಮ್ಮದೇ ಆಗಿಬಿಟ್ಟಿದೆ. ಬೋರ್ಡಿನಲ್ಲಿ 'ನಾರ್ತ್ ಇಂಡಿಯನ್' ಅಂತ ಬರೆದ ಹೋಟೆಲಿನಲ್ಲಿ ಅದಿಲ್ಲದಿದ್ದರೆ ದಾವಣಗೆರೆ ಜನ ಎದ್ದು ಹೋಗುತ್ತಾರೆ.

ಪನೀರ್ ಬಟರ್ ಮಸಾಲ ಸಿಹಿ ಸಿಹಿ. ಮಾವ ಒಂದು ತುತ್ತು ತಿಂದು, "ಇದು ಊಟಕ್ಕೆ ಕೊಟ್ಟಿದ್ದೋ, ಪಾಯಸನೋ" ಅಂದು, ಮೊಸರನ್ನಕ್ಕೆ ಹೇಳಿದರು. ಅದು ಬರೋಕೆ ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಅದಕ್ಕೆ ರೆಡಿ ಪಾತ್ರೆ ಇರಲಿಲ್ಲ ಅನಿಸುತ್ತೆ. ಬಂದ ಮೇಲೆ ನೋಡಿದರೆ ದಾಳಿಂಬೆ ಕಾಳು, ದ್ರಾಕ್ಷಿ, ಗೋಡಂಬಿ. ಮಾವ ದಾಳಿಂಬೆಯನ್ನೆಲ್ಲ ಆರಿಸಿ ತಟ್ಟೆ ಅಂಚಿಗೆ ಸಾಲಾಗಿ ಇಟ್ಟರು. ಮೊಮ್ಮಗಳು ತಿಂದಳು.

ಬಿಲ್ಲು ಬಂದಾಗ ಅದನ್ನು ಮೊದಲು ತಗೊಂಡಿದ್ದು ಮಾವನೇ. "ಇದೇನೋ, ಎರಡೆರಡು ಸಲ ಟ್ಯಾಕ್ಸ್ ಹಾಕಿದಾರೆ!" ನಮ್ಮ ಯಜಮಾನರು ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು, ಇವರ ಪಾಠ ಶುರುವಾಯಿತು. ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ, ಒಟ್ಟು ಶೇ. 5. 2017ರಲ್ಲಿ ಜಿಎಸ್‌ಟಿ ಬಂದ ಹೊಸದರಲ್ಲಿ ಎಸಿ ಹೋಟೆಲಿಗೆ 18 ಇತ್ತು, ಆ ವರ್ಷದ ನವೆಂಬರಿನಲ್ಲಿ ಇಳಿಸಿದರು. ಅದಕ್ಕೆ ಬದಲಾಗಿ, ಹೋಟೆಲಿನವರು ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆ ಅವರಿಗೆ ವಾಪಸ್ ಬರೋದಿಲ್ಲ. ಇಲ್ಲಿವರೆಗೆ ಪಾಠ. ಆಮೇಲೆ ಸಿಟ್ಟು. "ಸೆಪ್ಟೆಂಬರ್ 22ರಿಂದ ಬೆಣ್ಣೆ ಮೇಲಿನ ತೆರಿಗೆ 12ರಿಂದ 5ಕ್ಕೆ ಇಳಿದಿದೆ. ಪ್ಯಾಕೆಟ್ ಪನೀರಿಗೆ ಸೊನ್ನೆ. ಇವರ ಖರ್ಚು ಕಡಿಮೆ ಆಯ್ತು ಅಲ್ವಾ? ಬಟರ್ ಮಸಾಲ ಒಂದು ರೂಪಾಯಿನೂ ಇಳಿದಿಲ್ಲ!" ಮೆನುವಿನಲ್ಲಿ ಬೆಲೆ ಮೇಲೆ ಅಂಟಿಸಿದ್ದ ಚೀಟಿ ಹಳೇದೇ. ಏರಿದಾಗ ಅಂಟಿಸಿದ್ದು, ಇಳಿದಾಗ ಕೀಳೋಕೆ ಮರೆತಿದ್ದಾರೆ. ಕ್ಯಾಷಿಯರ್ ಹತ್ತಿರ ಹೋಗಿ ಕೇಳಿ ಅಂದೆ. ಇವರು ಕೇಳಲಿಲ್ಲ. ಸಿಟ್ಟೆಲ್ಲ ಟೇಬಲ್ಲಿನವರಿಗೆ ಮಾತ್ರ.

ನಾದಿನಿಯ ಗಂಡ "ನಾನು ಕೊಡ್ತೀನಿ ಬಾವ" ಅಂತ ಪರ್ಸ್ ತೆಗೆಯುತ್ತಿದ್ದರು. ಅಷ್ಟರಲ್ಲಿ ಇವರು ಮೇಜಿನ ಮೇಲಿದ್ದ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿದು ಮುಗಿಸಿಬಿಟ್ಟಿದ್ದರು. ಆ ಜಗಳ ಸ್ಕೂಟರ್ ಹತ್ತುವ ತನಕ ನಡೆಯಿತು.

ಉಳಿದ ಜೀರಾ ರೈಸ್ ಕಟ್ಟಿಸಿಕೊಂಡು ಬಂದಿದ್ದೇನೆ, ಫ್ರಿಜ್ಜಿನಲ್ಲಿದೆ. ನಾಳೆ ಬೆಳಿಗ್ಗೆ ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಬೇಕು. ನಾದಿನಿ ರೈಲು ಹತ್ತುವ ಮೊದಲು ಮಂಡಕ್ಕಿ ಕೊಳ್ಳಬೇಕಂತೆ, ಅಂಗಡಿ ತೆಗೆಯುವ ಹೊತ್ತಿಗೇ ಹೋಗಬೇಕು.